ಕೊಳ್ಳಲು ಬಂದವರು ಕಾಣದ ಪೇಟೆ

ಬೆಂಗಳೂರಿನಲ್ಲಿ ಮದುವೆ ನಿಶ್ಚಯವಾದ ಮನೆಯವರು ಒಂದಲ್ಲ ಒಂದು ದಿನ ಪೇಟೆಯ ದಾರಿ ಹಿಡಿಯುತ್ತಾರೆ. ಧಾರೆಸೀರೆಗೆ ಚಿಕ್ಕಪೇಟೆ, ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ, ತಾಳಿ-ಸರಕ್ಕೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್, ಹೂವು-ವೀಳ್ಯದೆಲೆಗೆ ಸಿಟಿ ಮಾರ್ಕೆಟ್. "ಬನ್ನಿ ಅಕ್ಕಾ, ಒಳಗೆ ಬಂದು ನೋಡಿ, ನೋಡೋದಕ್ಕೇನು ದುಡ್ಡಿಲ್ಲ" ಎಂದು ಅಂಗಡಿ ಹುಡುಗರು ಕರೆಯುತ್ತಾರೆ. ಸಂಜೆಯಾಗುವಷ್ಟರಲ್ಲಿ ಎರಡೂ ಕೈತುಂಬ ಚೀಲ, ಸೋತ ಕಾಲು, ಗಾಡಿ ನಿಲ್ಲಿಸಲು ಜಾಗ ಸಿಗದ ಸಿಟ್ಟು. ಅಬ್ಬಾ, ಏನು ಜನ ಎನ್ನುತ್ತ ಮನೆ ಸೇರಿದವರಿಗೆ ತಾವು ದಿನವಿಡೀ ಓಡಾಡಿದ್ದು ಐದು ಶತಮಾನದ ಹತ್ತಿರ ಬಂದಿರುವ ಊರೊಂದರ ಒಳಗೆ ಎಂಬ ಯೋಚನೆಯೇ ಬಂದಿರುವುದಿಲ್ಲ.

ನೆಂಟರಿಗೆ ಬೆಂಗಳೂರು ತೋರಿಸುವವರ ಪಟ್ಟಿಯಲ್ಲಿ ವಿಧಾನಸೌಧ, ಕಬ್ಬನ್ ಪಾರ್ಕು, ಲಾಲ್‌ಬಾಗು, ಅರಮನೆ ಇರುತ್ತವೆ. ಪೇಟೆ ಇರುವುದಿಲ್ಲ. ಪರಂಪರೆ ಎಂದರೆ ಕೆಂಪು ಬಣ್ಣದ ಅಠಾರಾ ಕಚೇರಿ, ಹುಲ್ಲುಹಾಸಿನ ನಡುವಿನ ಬಂಗಲೆ ಎಂದು ರೂಢಿಯಾಗಿಬಿಟ್ಟಿದೆ. ಟೆಂಪೊ, ತಳ್ಳುಗಾಡಿ, ಜೋತುಬಿದ್ದ ತಂತಿಗಳ ನಡುವೆ ಉಸಿರುಗಟ್ಟಿದ ಬೀದಿಗಳನ್ನು ಯಾರೂ ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಬೆಂಗಳೂರಿನ ನಿಜವಾದ ಹಳೆಯ ಆಸ್ತಿ ಈ ಬೀದಿಗಳೇ. ಬೇರೆ ಕಡೆ ಹಳೆಯ ಕಟ್ಟಡ ಉಳಿದಿದೆ, ಅದರ ಕೆಲಸ ಹೋಗಿದೆ. ಇಲ್ಲಿ ಎಷ್ಟೋ ಕಟ್ಟಡಗಳು ಹೋಗಿವೆ, ಕೆಲಸ ನಿಂತಿಲ್ಲ. ಪೇಟೆಯನ್ನು ಪೇಟೆಯಾಗಿಯೇ ಬಳಸುತ್ತ ಬಂದಿರುವುದು ಅದರ ದೊಡ್ಡ ಸೊಗಸು. ಅದು ಕಣ್ಣಿಗೆ ಬೀಳದಿರುವುದಕ್ಕೂ ಬಹುಶಃ ಇದೇ ಕಾರಣ.

ಯಲಹಂಕದ ನಾಡಪ್ರಭು ಹಿರಿಯ ಕೆಂಪೇಗೌಡರು 1537ರ ಸುಮಾರಿಗೆ ಮಣ್ಣಿನ ಕೋಟೆ ಕಟ್ಟಿ ಪೇಟೆ ಹಾಕಿಸಿದರು ಎಂಬುದು ಎಲ್ಲರೂ ಒಪ್ಪಿಕೊಂಡು ಬಂದ ಲೆಕ್ಕ. ಬೆಂಗಳೂರು ಎಂಬ ಹೆಸರು ಅದಕ್ಕಿಂತ ಹಳೆಯದು. ಬೇಗೂರಿನ ವೀರಗಲ್ಲು ಶಾಸನ ಒಂಬತ್ತನೆಯ ಶತಮಾನದ ಕೊನೆಯಲ್ಲೇ 'ಬೆಂಗಳೂರ ಕಾಳಗ'ದ ಮಾತೆತ್ತುತ್ತದೆ. ಆದರೆ ಬೀದಿಗಳಿರುವ, ಸಂತೆಯಿರುವ, ಸುತ್ತ ಗೋಡೆಯಿರುವ ಪಟ್ಟಣವಾದದ್ದು ಕೆಂಪೇಗೌಡರಿಂದ. ಒಂದು ಮುಹೂರ್ತದಲ್ಲಿ ನಾಲ್ಕು ದಿಕ್ಕಿಗೆ ಎತ್ತು ಹೂಡಿ ನೇಗಿಲು ಹೊಡೆಸಿದರು, ನೇಗಿಲ ಸಾಲೇ ರಾಜಬೀದಿಗಳಾದವು ಎಂಬ ಕತೆಯನ್ನು ಶಾಲೆಯ ಮಕ್ಕಳೆಲ್ಲ ಕೇಳಿರುತ್ತಾರೆ. ಎತ್ತುಗಳು ಹೊರಟವು ಎನ್ನುವ ಜಾಗ ಈಗಲೂ ಇದೆ. ಉತ್ತರ-ದಕ್ಷಿಣದ ದೊಡ್ಡಪೇಟೆಯನ್ನು ಪೂರ್ವ-ಪಶ್ಚಿಮದ ಚಿಕ್ಕಪೇಟೆ ಸಂಧಿಸುವ ಚೌಕ ಅದು. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಕತೆ ನಿಜವೋ ಅಲ್ಲವೋ, ಆ ಗೆರೆಗಳಂತೂ ಅಳಿಸಿಲ್ಲ. ಮೂರನೆಯ ಮೈಸೂರು ಯುದ್ಧದ ಹೊತ್ತಿನಲ್ಲಿ, 1791ರಲ್ಲಿ, ಬ್ರಿಟಿಷರು ತಯಾರಿಸಿದ ಬೆಂಗಳೂರಿನ ನಕ್ಷೆಯನ್ನು ಇಂದಿನ ನಕ್ಷೆಯ ಪಕ್ಕದಲ್ಲಿಟ್ಟರೆ ಪೇಟೆಯ ಮುಖ್ಯ ಬೀದಿಗಳನ್ನು ಹುಡುಕಬೇಕಾಗಿಲ್ಲ, ಅವು ಅಲ್ಲಲ್ಲೇ ಇವೆ.

ಪೇಟೆ ಹಾಕುವಾಗ ಕಸುಬಿಗೊಂದು ಕೇರಿ ಎಂದು ಹಂಚಿದ್ದರಿಂದ ಬೀದಿಗಳ ಹೆಸರೇ ಹಳೆಯ ಬೆಂಗಳೂರಿನ ಲೆಕ್ಕದ ಪುಸ್ತಕವಾಗಿದೆ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಅರಳೆಪೇಟೆ, ಬಳೇಪೇಟೆಗಳಲ್ಲಿ ಸರಕಿನ ಹೆಸರಿದೆ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಗೊಲ್ಲರಪೇಟೆ, ಕುರುಬರಪೇಟೆ, ತಿಗಳರಪೇಟೆಗಳಲ್ಲಿ ಸರಕು ತಯಾರಿಸಿದವರ, ಬೆಳೆದವರ ಹೆಸರಿದೆ. ನಗರ್ತಪೇಟೆ ವರ್ತಕರಾದ ನಗರ್ತರದು, ಅವರ ನಗರೇಶ್ವರ ದೇವಸ್ಥಾನ ಇಂದಿಗೂ ಅಲ್ಲೇ ಇದೆ. ರಾಜ್ಯ ಬದಲಾದಾಗಲೆಲ್ಲ ಹೊಸ ಹೆಸರುಗಳು ಸೇರಿಕೊಂಡವು. ತಾರಾಮಂಡಲಪೇಟೆಯ ಹೆಸರನ್ನು ಟಿಪ್ಪುವಿನ ರಾಕೆಟ್ಟುಗಳ ಜೊತೆ ತಳಕು ಹಾಕುವುದುಂಟು. ಕಬ್ಬನ್‌ಪೇಟೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನದು. ಎಲ್ಲ ಕೇರಿಗಳೂ ಮೊದಲಿನ ಕಸುಬಿಗೇ ಅಂಟಿಕೊಂಡಿಲ್ಲ, ನಿಜ. ಸಗಟು ಅಕ್ಕಿ ವ್ಯಾಪಾರದ ಬಹುಪಾಲು ಯಶವಂತಪುರದ ಯಾರ್ಡಿಗೆ ಹೋಗಿದೆ, ಬಳೇಪೇಟೆಯಲ್ಲಿ ಬಳೆಗಿಂತ ವಾದ್ಯದ ಅಂಗಡಿಗಳು ಹೆಚ್ಚು ಹೆಸರು ಮಾಡಿವೆ. ಆದರೂ ಒಂದೇ ಬಗೆಯ ವ್ಯಾಪಾರ ಒಂದೇ ಬೀದಿಯಲ್ಲಿ ಸಾಲುಗಟ್ಟಿ ನಿಲ್ಲುವ ಪದ್ಧತಿ ಬಿಟ್ಟುಹೋಗಿಲ್ಲ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದರೆ ವಿದ್ಯುತ್ ಸಾಮಾನು, ಎಸ್.ಪಿ. ರಸ್ತೆಗೆ ಹೋದರೆ ಕಂಪ್ಯೂಟರು, ಬಿಡಿಭಾಗ. ಕಂಪ್ಯೂಟರ್ ವ್ಯಾಪಾರ ಬೆಂಗಳೂರಿಗೆ ಬಂದಾಗ ಅದೂ ಪೇಟೆಯ ಹಳೆಯ ಕ್ರಮವನ್ನೇ ಪಾಲಿಸಿ ಒಂದು ಬೀದಿ ಹಿಡಿದು ಕೂತಿತು. ಗ್ರಾಹಕನಿಗೆ ಇದರಿಂದ ಲಾಭವಿದೆ. ಒಬ್ಬನ ದರ ಇನ್ನೊಬ್ಬನಿಗೆ ಕೇಳಿಸುವಷ್ಟು ಹತ್ತಿರ ಅಂಗಡಿಗಳಿದ್ದಾಗ ಚೌಕಾಸಿಗೊಂದು ನೆಲೆ ಸಿಗುತ್ತದೆ. ವ್ಯಾಪಾರಿಗೂ ಅಷ್ಟೇ, ತನ್ನಲ್ಲಿಲ್ಲದ ಮಾಲನ್ನು ಪಕ್ಕದ ಅಂಗಡಿಯಿಂದ ಎರಡು ನಿಮಿಷದಲ್ಲಿ ತರಿಸಿ ಗಿರಾಕಿಯನ್ನು ಉಳಿಸಿಕೊಳ್ಳುತ್ತಾನೆ.

ಪೇಟೆಗೆ ಮಣ್ಣಿನ ಗೋಡೆ, ಅದರಾಚೆ ಕಂದಕ, ಅದಕ್ಕೂ ಆಚೆ ಮುಳ್ಳುಗಿಡಗಳ ದಟ್ಟ ಬೇಲಿ ಇತ್ತು. ಉತ್ತರಕ್ಕೆ ಯಲಹಂಕ ಬಾಗಿಲು, ಪೂರ್ವಕ್ಕೆ ಹಲಸೂರು ಬಾಗಿಲು, ದಕ್ಷಿಣಕ್ಕೆ ಆನೇಕಲ್ ಬಾಗಿಲು, ಪಶ್ಚಿಮಕ್ಕೆ ಸೊಂಡೇಕೊಪ್ಪದ ಬಾಗಿಲು. ಯಾವ ಊರಿಗೆ ಹೋಗುವ ದಾರಿಯೋ ಆ ಊರಿನ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಗೋಡೆ ಕೆಡವಿ ಕಂದಕ ಮುಚ್ಚಿದ ಮೇಲೆ ಬಾಗಿಲುಗಳೂ ಹೋದವು, ಹೆಸರು ಹೋಗಲಿಲ್ಲ. ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿಲ್ಲ ಎಂದು ಹೊಸಬರು ಗೊಂದಲಪಡುತ್ತಾರೆ. ಆ ಠಾಣೆ ಇರುವುದು ಹಲಸೂರಿಗೆ ಹೋಗುವವರು ಪೇಟೆ ದಾಟುತ್ತಿದ್ದ ಬಾಗಿಲಿನ ಹತ್ತಿರ. ಮೈಸೂರು ಬ್ಯಾಂಕ್ ವೃತ್ತದ ಬಳಿಯ ಆಂಜನೇಯನಿಗೆ ಇಂದಿಗೂ ಯಲಹಂಕ ಗೇಟ್ ಆಂಜನೇಯಸ್ವಾಮಿ ಎಂದೇ ಹೆಸರು. ದಿನವೂ ಸಾವಿರಾರು ಜನ ಅವನಿಗೆ ಕೈಮುಗಿದು ಮುಂದೆ ಹೋಗುತ್ತಾರೆ. ಆ ಬಾಗಿಲು ಎಲ್ಲಿ ಎಂದು ಕೇಳುವವರು ಕಡಿಮೆ.

ಹಲಸೂರು ಬಾಗಿಲಿನ ಕತೆ ಮಾತ್ರ ಯುದ್ಧದ್ದು. ಲಾರ್ಡ್ ಕಾರ್ನ್‌ವಾಲಿಸನ ಸೇನೆ 1791ರ ಮಾರ್ಚ್ 7ರಂದು ಪೇಟೆಗೆ ನುಗ್ಗಿತು. ಬಾಗಿಲ ಬಳಿ ನಡೆದ ಕಾಳಗದಲ್ಲಿ ಕರ್ನಲ್ ಮೂರ್‌ಹೌಸ್ ಸತ್ತ. ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಆ ಸಾವನ್ನು ದೊಡ್ಡ ತೈಲಚಿತ್ರವಾಗಿ ಬರೆದ. ಪೇಟೆ ಹೋದ ಮೇಲೆ ಟಿಪ್ಪುವಿನ ಕಡೆಯವರು ಅದನ್ನು ಮರಳಿ ಪಡೆಯಲು ಬೀದಿಬೀದಿಯಲ್ಲಿ ಹೋರಾಡಿದರು, ಆಗಲಿಲ್ಲ. ಹೈದರಾಲಿ ಕಲ್ಲಿನಿಂದ ಭದ್ರಪಡಿಸಿದ್ದ ಕೋಟೆ ಮಾರ್ಚ್ 21ರ ರಾತ್ರಿ ಬಿತ್ತು. ಸತ್ತ ಬ್ರಿಟಿಷ್ ಅಧಿಕಾರಿಗಳ ನೆನಪಿಗೆ ಹಲಸೂರು ಬಾಗಿಲಿದ್ದ ಜಾಗದ ಸಮೀಪ ಎತ್ತರದ ಸ್ಮಾರಕವೊಂದು ಎದ್ದಿತು. ಅದರಿಂದಾಗಿ ಪಕ್ಕದ ರಸ್ತೆಗೆ ಸೆನೊಟಾಫ್ ರಸ್ತೆ ಎಂದೇ ಹೆಸರಿತ್ತು. ಇಂದಿನ ನೃಪತುಂಗ ರಸ್ತೆ ಅದೇ. ಸ್ಮಾರಕವನ್ನು 1964ರಲ್ಲಿ ತೆಗೆಸಲಾಯಿತು. ಈಗ ಅಲ್ಲಿ ಕಾಣುವುದು ಪಾಲಿಕೆ ಕಚೇರಿಯ ಎದುರಿನ ಕೆಂಪೇಗೌಡರ ಪ್ರತಿಮೆ. ಊರು ಕಟ್ಟಿದವರಿಗೆ ಊರಬಾಗಿಲಲ್ಲಿ ಜಾಗ ಸಿಕ್ಕಿದ್ದು ಸರಿಯೇ. ಬಾಗಿಲಲ್ಲಿ ನಿಂತು ಪೇಟೆಗಾಗಿ ಕಾದಾಡಿ ಸತ್ತ ಈ ನೆಲದ ಸಿಪಾಯಿಗಳ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಬರಲಿಲ್ಲ.

ಯುದ್ಧಗಳು ಮುಗಿದು ಒಂದೇ ವರ್ಷಕ್ಕೆ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಇಲ್ಲಿಗೆ ಬಂದ. ಮೈಸೂರು ಸೀಮೆಯ ಬೇಸಾಯ, ಕಸುಬು, ವ್ಯಾಪಾರವನ್ನೆಲ್ಲ ವರದಿ ಮಾಡಲು ಕಂಪನಿ ಸರ್ಕಾರ ಕಳಿಸಿದ್ದ ವೈದ್ಯ ಆತ. ಬೆಂಗಳೂರಿನ ನೇಕಾರರ ಬಗ್ಗೆ ಅವನು ಪುಟಗಟ್ಟಲೆ ಬರೆದಿದ್ದಾನೆ. ರೇಷ್ಮೆಯ ಗಟ್ಟಿ, ಬೆಲೆಬಾಳುವ ಬಟ್ಟೆಗಳನ್ನು ನೇಯುವ ಖತ್ರಿಗಳು, ಪಟ್ಟೇಗಾರರು, ಹತ್ತಿ ಬಟ್ಟೆ ನೇಯುವ ದೇವಾಂಗರು ಮುಂತಾದವರ ಮಗ್ಗ, ಬಣ್ಣ, ಕೂಲಿ, ಸಾಲ ಎಲ್ಲವೂ ಅಲ್ಲಿ ದಾಖಲಾಗಿದೆ. ಇದನ್ನು ಓದಿ ಕಬ್ಬನ್‌ಪೇಟೆಯ ಓಣಿಗಳಿಗೆ ಬಂದರೆ ಇನ್ನೂರು ವರ್ಷದ ಹಿಂದಿನ ವರದಿಗೆ ಇವತ್ತಿನ ಸದ್ದು ಸೇರಿಕೊಳ್ಳುತ್ತದೆ. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದು ದಶಕಗಳಾಗಿವೆ. ನೆಲಮಹಡಿಯ ಕತ್ತಲ ಕೋಣೆಯಲ್ಲಿ ನಾಲ್ಕು ಮಗ್ಗ, ನಡುವೆ ಒಬ್ಬರು ಓಡಾಡುವಷ್ಟೇ ಸಂದು. ಲಾಳಿ ಆಚೀಚೆ ಬಡಿಯುವ ಸದ್ದಿಗೆ ಮಾತು ಕೇಳುವುದಿಲ್ಲ, ನೇಕಾರರು ಸನ್ನೆಯಲ್ಲೇ ಕೆಲಸ ಸಾಗಿಸುತ್ತಾರೆ. ಎಳೆ ಹರಿದರೆ ಮಗ್ಗ ನಿಲ್ಲಿಸಿ, ಬೆಳಕಿಗೆ ಬಾಗಿ, ಬೆರಳ ತುದಿಯಲ್ಲಿ ಹುರಿಮಾಡಿ ಗಂಟು ಹಾಕಿ ಮತ್ತೆ ಚಾಲೂ ಮಾಡುತ್ತಾರೆ. ಅರ್ಧ ಕಿಲೋಮೀಟರು ದೂರದ ಚಿಕ್ಕಪೇಟೆಯ ಗಾದಿಯ ಮೇಲೆ ಹರಡುವ ಸೀರೆಗಳಲ್ಲಿ ಇಂಥ ಕೋಣೆಗಳಿಂದ ಬಂದವೂ ಇರುತ್ತವೆ. ಮಗ್ಗಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅದೇ ಕೋಣೆಯನ್ನು ಗೋದಾಮಿಗೆ ಬಾಡಿಗೆ ಕೊಟ್ಟರೆ ಹೆಚ್ಚು ದುಡ್ಡು ಬರುವಾಗ ಮಗ್ಗ ಉಳಿಸಿಕೊಳ್ಳಿ ಎಂದು ನೇಕಾರನಿಗೆ ಹೇಳುವುದು ಸುಲಭವಲ್ಲ.

ಬಳೇಪೇಟೆಯ ವಾದ್ಯದ ಅಂಗಡಿಗಳ ಮುಂದೆ ನಿಲ್ಲಲು ಸಂಗೀತ ಬರಬೇಕಾಗಿಲ್ಲ. ಡೋಲು, ತಬಲ, ಹಾರ್ಮೋನಿಯಂ, ತಮಟೆ, ದೇವಸ್ಥಾನದ ಜಾಗಟೆ ಎಲ್ಲ ಒಂದರ ಮೇಲೊಂದು ಪೇರಿಸಿರುತ್ತವೆ. ನಿಲ್ಲಬೇಕಾದದ್ದು ರಿಪೇರಿ ಮಾಡುವವರ ಮುಂದೆ. ಹಲಸಿನ ಮರ ಕೊರೆದು ಮಾಡಿದ ಮೃದಂಗದ ಎರಡು ಬಾಯಿಗೂ ಚರ್ಮದ ಮುಚ್ಚಿಗೆ ಹಾಕಿ, ಬಾರಿನಿಂದ ಸುತ್ತ ಬಿಗಿಯುತ್ತಾರೆ. ಬಲಗಡೆಯ ನಡುವಿನ ಕಪ್ಪು ವೃತ್ತ ಬಣ್ಣವಲ್ಲ, ಕರಣೆ. ನುಣ್ಣಗೆ ಪುಡಿ ಮಾಡಿದ ಕರಿಗಲ್ಲು ಅನ್ನದ ಜೊತೆ ಅರೆದು ಅಂಟಾದಾಗ ಚಿಟಿಕೆಯಷ್ಟು ತೆಗೆದು ಮುಚ್ಚಿಗೆಯ ಮೇಲೆ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜುತ್ತಾರೆ. ಒಣಗಿದ ಮೇಲೆ ಇನ್ನೊಂದು ಪದರ, ಮತ್ತೆ ಉಜ್ಜುವುದು. ಹೀಗೆ ಪದರದ ಮೇಲೆ ಪದರ ಕೂತಾಗ ಚರ್ಮಕ್ಕೆ ಶ್ರುತಿ ಹಿಡಿಯುವ ಗುಣ ಬರುತ್ತದೆ. ಕೊನೆಗೆ ಅಂಚಿಗೆ ಗೂಟವಿಟ್ಟು ಕಲ್ಲಿನಿಂದ ಹಗುರವಾಗಿ ಬಡಿಯುತ್ತ, ಬೆರಳಲ್ಲಿ ನುಡಿಸಿ ನೋಡುತ್ತ, ಮತ್ತೆ ಬಡಿಯುತ್ತ ಹೋಗುತ್ತಾರೆ. ಹೊರಗೆ ಹಾರ್ನು, ಹಮಾಲರ "ದಾರಿ ಬಿಡಿ ಸಾರ್, ಸೈಡು ಸೈಡು" ಎಂಬ ಕೂಗು, ಲಾರಿಗೆ ಮೂಟೆ ಎಸೆಯುವ ಸದ್ದು. ಅಷ್ಟರ ನಡುವೆಯೂ ಆ ಕಿವಿ ಕೂದಲೆಳೆಯಷ್ಟು ಅಪಶ್ರುತಿಯನ್ನು ಹಿಡಿಯುತ್ತದೆ.

ಪೇಟೆಯನ್ನು ನೋಡಲು ಒಂದೇ ಒಂದು ಅಭ್ಯಾಸ ಬೇಕು, ತಲೆ ಎತ್ತುವುದು. ನೆಲದ ಮಟ್ಟದಲ್ಲಿ ಎಲ್ಲವೂ ಷಟರು, ಫ್ಲೆಕ್ಸು, ಗಾಜು. ಮೊದಲ ಮಹಡಿಗೆ ಕಣ್ಣು ಹಾಯಿಸಿದರೆ ಬೇರೆಯೇ ಊರು ಕಾಣುತ್ತದೆ. ತೇಗದ ಕಂಬಗಳ ಮೊಗಸಾಲೆ, ಗಾರೆಯಲ್ಲಿ ಎತ್ತಿದ ಬಳ್ಳಿ-ಹೂವು, ಮರದ ಜಾಲರಿ, ನೆತ್ತಿಯ ಮೇಲೆ ಕಟ್ಟಿಸಿದವರ ಹೆಸರು, ಇಸವಿ. ಇಲ್ಲಿಯ ಹಳೆಯ ಮನೆಗಳಿಗೆ ಬೀದಿಗೆ ತೆರೆದ ಮುಖ ಕಿರಿದು, ಒಳಗಿನ ಉದ್ದ ಜಾಸ್ತಿ. ಬೀದಿಬದಿಯಲ್ಲಿ ಅಂಗಡಿ, ಅದರ ಹಿಂದೆ ಸಾಮಾನು ಕೋಣೆ, ಬೆಳಕಿಗೆ ತೊಟ್ಟಿ, ಮೇಲೆ ಸಂಸಾರ. ವ್ಯಾಪಾರಿಗೆ ಊಟಕ್ಕೆ ಏಣಿ ಹತ್ತಿದರೆ ಸಾಕಾಗುತ್ತಿತ್ತು. ಚಾವಣಿಗೆ ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ. ಇಂಥ ಮನೆಯೊಂದನ್ನು ಕೆಡವಿದ ಜಾಗದಲ್ಲಿ ಪಕ್ಕದ ಗೋಡೆಯ ಮೇಲೆ ತೊಲೆಗಳ ಗುರುತು, ದೀಪದ ಗೂಡು, ಹಸಿರು ಸುಣ್ಣದ ಪಟ್ಟೆ ಕೆಲವು ತಿಂಗಳು ಹಾಗೇ ಕಾಣುತ್ತಿರುತ್ತವೆ. ಆಮೇಲೆ ಐದು ಮಹಡಿಯ ಗಾಜಿನ ಕಟ್ಟಡ ಅದನ್ನು ಮುಚ್ಚುತ್ತದೆ.

ದೇವರುಗಳಿಗೂ ಇಲ್ಲಿ ಹೆಚ್ಚು ಜಾಗವಿಲ್ಲ, ಹಾಗಾಗಿ ಎಲ್ಲರೂ ಹತ್ತಿರ ಹತ್ತಿರ ಇದ್ದಾರೆ. ಬಳೇಪೇಟೆಯ ಹತ್ತಿರ ವಿಜಯನಗರ ಶೈಲಿಯ ಕಲ್ಲುಕಂಬಗಳ ರಂಗನಾಥಸ್ವಾಮಿ ಗುಡಿ. ಚಿಕ್ಕಪೇಟೆಯಲ್ಲಿ ರಾಜಸ್ತಾನ-ಗುಜರಾತಿನಿಂದ ಬಂದ ವರ್ತಕರ ಆದಿನಾಥ ಜೈನ ಮಂದಿರ. ತಾರಾಮಂಡಲಪೇಟೆಯಲ್ಲಿ ಮೊಗಲರ ಕಾಲದಿಂದ ಬಂದ ಸಂಗೀನ್ ಜಾಮಿಯಾ ಮಸೀದಿ. ಅವೆನ್ಯೂ ರಸ್ತೆಯಲ್ಲಿ, ಹಳೆಯ ಪಠ್ಯಪುಸ್ತಕಗಳ ರಾಶಿಯ ಪಕ್ಕದಲ್ಲೇ, ರೈಸ್ ಸ್ಮಾರಕ ಚರ್ಚು. ಈ ಚರ್ಚಿನ ಹೆಸರಲ್ಲಿರುವುದು ಬೆಂಜಮಿನ್ ಹೋಲ್ಟ್ ರೈಸ್ ಎಂಬ ಮಿಷನರಿ, ಬೆಂಗಳೂರಿನಲ್ಲೇ ಬಾಳು ಸವೆಸಿದವರು. ಅವರ ಮಗ ಬಿ.ಎಲ್. ರೈಸ್ 1837ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಮುಂದೆ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದು ಕನ್ನಡ ನಾಡಿನ ಚರಿತ್ರೆಗೆ ಬುನಾದಿ ಹಾಕಿದವರು ಅವರೇ. ಗದಗ, ಚಿತ್ರದುರ್ಗ, ಹಾಸನದಿಂದ ಬಂದು ಆ ರಸ್ತೆಯಲ್ಲಿ ಅರ್ಧ ಬೆಲೆಗೆ ಪುಸ್ತಕ ಹುಡುಕುವ ಇತಿಹಾಸದ ವಿದ್ಯಾರ್ಥಿಗಳು ಆ ಗೇಟಿನ ಮುಂದೆಯೇ ಹಾದುಹೋಗುತ್ತಿರುತ್ತಾರೆ.

ಇಷ್ಟೆಲ್ಲ ಇರುವ ಪೇಟೆ ಊರಿನ ಮನಸ್ಸಿನಿಂದ ಜಾರಿದ್ದು ಹೇಗೆ? ಅದಕ್ಕೊಂದು ಇಸವಿ ಇದೆ, 1898. ಆ ವರ್ಷ ಬೆಂಗಳೂರಿಗೆ ಪ್ಲೇಗು ಬಂತು. ಗಾಳಿ-ಬೆಳಕು ಕಡಿಮೆಯಿದ್ದ, ಮನೆಗೆ ಮನೆ ಅಂಟಿಕೊಂಡ ಪೇಟೆಯಲ್ಲಿ ಅದು ಹಬ್ಬಿದ ರೀತಿ ಭೀಕರ. ಸಾವಿರಗಟ್ಟಲೆ ಜನ ಸತ್ತರು, ಬದುಕಿದವರು ಊರ ಹೊರಗಿನ ಗುಡಿಸಲುಗಳಿಗೆ ಓಡಿದರು. ಅಲ್ಲಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದದ್ದು ಆಗಲೇ. ಸರ್ಕಾರ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳನ್ನು ಅಗಲ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಸಂಡಾಸು ತೊಳೆಯುವ ಓಣಿ ಬಿಟ್ಟು ರೂಪಿಸಿತು. ಅನುಕೂಲವಂತರು, ಕಚೇರಿ ನೌಕರರು ಒಬ್ಬೊಬ್ಬರಾಗಿ ಅತ್ತ ಸರಿದರು. ಹೆಸರಾಂತ ಕವಿಗಳು, ಪತ್ರಕರ್ತರು, ವಕೀಲರು, ಪ್ರಾಧ್ಯಾಪಕರು ನೆಲೆಸಿದ್ದು ಆ ಹೊಸ ಬಡಾವಣೆಗಳಲ್ಲೇ. ಬಸವನಗುಡಿಯ ಬೆಳಗು, ಮಲ್ಲೇಶ್ವರದ ಸಂಜೆಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ನೆನಪಿನ ಬರಹಗಳಿರುವುದು ಇದೇ ಕಾರಣಕ್ಕೆ. ಬರೆಯುವವರು ಹೊರಟುಹೋದ ಮೇಲೆ ಪೇಟೆಯಲ್ಲಿ ಉಳಿದವರು ಲೆಕ್ಕ ಬರೆದರು, ಬಿಲ್ಲು ಬರೆದರು, ತಮ್ಮ ಬೀದಿಯ ಬಗ್ಗೆ ಬರೆಯಲಿಲ್ಲ.

ಸುತ್ತಲಿನ ಕೆರೆಗಳ ಕತೆಯೂ ಇದಕ್ಕೆ ಸೇರಿದ್ದು. ಪೇಟೆಗೆ ನೀರೊದಗಿಸುತ್ತಿದ್ದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. 1890ರ ದಶಕದಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹೆಸರಘಟ್ಟದಿಂದ ಕೊಳವೆ ನೀರು ಬಂತು. ಮನೆಯ ಹತ್ತಿರ ನಲ್ಲಿ ಬಂದ ಮೇಲೆ ಕೆರೆಯನ್ನು ಯಾರೂ ಕಾಯಲಿಲ್ಲ. ಪೂರ್ವದ ಸಂಪಂಗಿ ಕೆರೆ ಒಣಗಿ ಕಂಠೀರವ ಕ್ರೀಡಾಂಗಣವಾಯಿತು. ಆದರೆ ಅದರ ಒಂದು ಪುಟ್ಟ ಕುಂಟೆಯನ್ನು ಮುಚ್ಚಲು ಯಾರಿಗೂ ಆಗಲಿಲ್ಲ. ಕಾರಣ, ಕರಗ.

ಚೈತ್ರ ಮಾಸದಲ್ಲಿ, ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ ಧ್ವಜ ಏರಿದ ದಿನದಿಂದ ಪೇಟೆಯ ಲಯವೇ ಬದಲಾಗುತ್ತದೆ. ಧರ್ಮರಾಯನಿಗೆ, ಪಾಂಡವರಿಗೆ, ದ್ರೌಪದಿಗೆ ಗುಡಿಯಿರುವುದೇ ಅಪರೂಪ. ನಡೆಸುವವರು ವಹ್ನಿಕುಲ ಕ್ಷತ್ರಿಯರು, ಅಂದರೆ ತಿಗಳರು. ತಲೆಮಾರುಗಳಿಂದ ಬೆಂಗಳೂರಿನ ಕೆರೆಗಳ ಕೆಳಗೆ ಹೂವು, ತರಕಾರಿ, ಸೊಪ್ಪು ಬೆಳೆದ ತೋಟಗಾರರು ಅವರು. ಹಾಗಾಗಿ ಅವರ ದೇವತೆ ಮೊದಲು ಗುಡಿಗೆ ಬರುವುದು ಆ ಕುಂಟೆಯ ದಡದಿಂದಲೇ. ವೀರಕುಮಾರರು ಗರಡಿ ಮನೆಯಲ್ಲಿ ತಯಾರಾಗಿ, ಬರಿಮೈಯಲ್ಲಿ, ಕೈಯಲ್ಲಿ ಖಡ್ಗ ಹಿಡಿದು ಬರುತ್ತಾರೆ. ಹುಣ್ಣಿಮೆಯ ರಾತ್ರಿ, ಜನಸಾಗರ ಗಂಟೆಗಟ್ಟಲೆ ಕಾದ ಮೇಲೆ, ಅರಿಶಿನ ಬಣ್ಣದ ಸೀರೆಯುಟ್ಟು, ಬಳೆ ತೊಟ್ಟು, ದ್ರೌಪದಿಯ ರೂಪದಲ್ಲಿ ಪೂಜಾರಿ ಗುಡಿಯಿಂದ ಹೊರಬರುತ್ತಾರೆ. ತಲೆಯ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಎತ್ತರದ ಹೂವಿನ ಕರಗ. ಅದನ್ನು ಕೈಯಿಂದ ಹಿಡಿಯುವಂತಿಲ್ಲ. ಗೋವಿಂದ ನಾಮದ ನಡುವೆ ಅವರು ಓಡುನಡಿಗೆಯಲ್ಲಿ, ಕುಣಿಯುತ್ತ, ಅಕ್ಕಪಕ್ಕ ಖಡ್ಗಗಳ ಸಾಲಿನೊಂದಿಗೆ ಪೇಟೆಯ ಬೀದಿಗಳನ್ನು ಸುತ್ತುತ್ತಾರೆ. ಮನೆಮನೆಯ ಮುಂದೆ ನೀರು ಚೆಲ್ಲಿ ರಂಗೋಲಿ ಹಾಕಿರುತ್ತಾರೆ, ಮಹಡಿಯಿಂದ ಮಲ್ಲಿಗೆ ಸುರಿಯುತ್ತಾರೆ. ಬೆಳಕು ಹರಿದ ಮೇಲೆ ಕರಗ ಗುಡಿಗೆ ಮರಳುತ್ತದೆ.

ಆ ದಾರಿಯಲ್ಲಿ ಕರಗ ಅರಳೆಪೇಟೆ-ಕಾಟನ್‌ಪೇಟೆ ಕಡೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಯಾಕೆ ಹೋಗುತ್ತದೆ ಎನ್ನುವುದಕ್ಕೆ ಪೇಟೆಯಲ್ಲಿ ಒಂದಕ್ಕಿಂತ ಹೆಚ್ಚು ಕತೆಗಳಿವೆ. ಕರಗದ ನೂಕುನುಗ್ಗಲಿನಲ್ಲಿ ಗಾಯಗೊಂಡ ಸಂತರಿಗೆ ಪೂಜಾರಿಯೇ ಆರೈಕೆ ಮಾಡಿದರು ಎಂಬುದು ಒಂದು. 2022ರಲ್ಲಿ ಈ ಪದ್ಧತಿ ನಿಲ್ಲಬೇಕು ಎಂದು ಕೆಲವರು ಒತ್ತಾಯಿಸಿದಾಗ ದರ್ಗಾದವರು ಬಂದು ಎಂದಿನಂತೆ ಕರೆದರು, ದೇವಸ್ಥಾನದ ಸಮಿತಿಯವರು ಎಂದಿನಂತೆ ಬರುತ್ತೇವೆ ಎಂದರು. ಕರಗ ಹೋಯಿತು. ಸಮಾಜಶಾಸ್ತ್ರಜ್ಞೆ ಸ್ಮೃತಿ ಶ್ರೀನಿವಾಸ್ ಈ ಹಬ್ಬದ ಮೇಲೆ 2001ರಲ್ಲಿ ಇಡೀ ಪುಸ್ತಕ ಪ್ರಕಟಿಸಿದ್ದಾರೆ. ಕರಗ ತುಳಿಯುವ ದಾರಿ ಕಣ್ಮರೆಯಾದ ಕೆರೆ, ತೋಟ, ಕೋಟೆಗಳನ್ನೆಲ್ಲ ಒಂದು ರಾತ್ರಿಯ ಮಟ್ಟಿಗೆ ಮತ್ತೆ ಜೋಡಿಸುತ್ತದೆ ಎನ್ನುವುದು ಆ ದಾರಿಯಲ್ಲಿ ನಡೆದವರಿಗೆ ಗೊತ್ತಾಗುತ್ತದೆ.

ರಾಜಕೀಯದಿಂದಲೂ ಪೇಟೆ ದೂರ ಇರಲಿಲ್ಲ. 1928ರಲ್ಲಿ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದ ಗಣಪತಿಯ ವಿಚಾರಕ್ಕೆ ಎದ್ದ ಗಲಭೆ ಎಷ್ಟು ದೊಡ್ಡದಾಯಿತೆಂದರೆ, ವಿಚಾರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲೇ ಸಮಿತಿ ಕೂರಬೇಕಾಯಿತು. 1942ರ ಚಲೇಜಾವ್ ಚಳವಳಿಯಲ್ಲಿ ಮೈಸೂರು ಬ್ಯಾಂಕ್ ಚೌಕದಲ್ಲಿ ಗುಂಡು ಹಾರಿತು, ಸತ್ತವರ ಸ್ಮಾರಕ ಅಲ್ಲೇ ಇದೆ. ಆ ಚೌಕಕ್ಕೆ ಹೆಸರು ಕೊಟ್ಟ, 1913ರಲ್ಲಿ ಆರಂಭವಾದ ಬ್ಯಾಂಕು 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಆಟೊದವರು ಮಾತ್ರ ಈಗಲೂ ಮೈಸೂರು ಬ್ಯಾಂಕ್ ಅಂತಲೇ ಅನ್ನುತ್ತಾರೆ.

ಪೇಟೆಯ ಸೊಗಸನ್ನು ಹೇಳುವಾಗ ಅದರ ಅಪಾಯವನ್ನು ಮುಚ್ಚಿಡುವುದು ತಪ್ಪಾಗುತ್ತದೆ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಜೀವಗಳು ಹೋದವು. ಕೆಳಗೆ ಗೋದಾಮು, ಮೇಲೆ ಮನೆ, ನಡುವೆ ಒಂದೇ ಕಿರಿದಾದ ಮೆಟ್ಟಿಲು. ಸಂಸಾರ ಮತ್ತು ವ್ಯಾಪಾರ ಒಂದೇ ಸೂರಿನಡಿ ಇರುವ ಹಳೆಯ ಕ್ರಮಕ್ಕೆ ಪ್ಲಾಸ್ಟಿಕ್, ರಾಸಾಯನಿಕ, ಮಿತಿಮೀರಿದ ವಿದ್ಯುತ್ ಲೋಡು ಸೇರಿದಾಗ ಏನಾಗುತ್ತದೆ ಎನ್ನುವುದಕ್ಕೆ ಅದು ಸಾಕ್ಷಿ. ಸುಡುವ ಸರಕಿನ ಗೋದಾಮುಗಳನ್ನು ಹೊರಗೆ ಸಾಗಿಸುವುದು, ತಂತಿಗಳನ್ನು ನೆಲದಡಿ ಹಾಕುವುದು, ಅಗ್ನಿಶಾಮಕ ದಳದವರ ನೀರಿನ ಪೈಪು ಓಣಿಯ ಕೊನೆಗೂ ತಲುಪುವಂತೆ ಮಾಡುವುದು ಮೊದಲು ಆಗಬೇಕಾದ ಕೆಲಸ. ಕಿರಿದಾದ ಬೀದಿ ಎಂಬ ಕಾರಣಕ್ಕೆ ಸಾಲಾಗಿ ಕಟ್ಟಡ ಕೆಡವಿ ರಸ್ತೆ ಅಗಲ ಮಾಡುವ ಯೋಚನೆ ಆಗಾಗ ತಲೆ ಎತ್ತುತ್ತದೆ. ಅದು ಪರಿಹಾರವಲ್ಲ. ಅಗಲವಾದ ರಸ್ತೆಗೆ ಇನ್ನಷ್ಟು ಕಾರು ಬರುತ್ತವೆ, ಹೋದ ಬೀದಿಯ ಗೆರೆ ಮತ್ತೆ ಬರುವುದಿಲ್ಲ.

ಕಾರಿನ ಅಗತ್ಯವೂ ಈಗ ಕಡಿಮೆಯಾಗಿದೆ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಸುರಂಗ ತೆರೆದಾಗ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ಎರಡಕ್ಕೂ ನಿಲ್ದಾಣ ಸಿಕ್ಕಿತು. ಮೇಲಿನ ಬೀದಿಗಳನ್ನು ಅಗೆದು ಹಾಳು ಮಾಡದೆ ಪೇಟೆಯ ಕೆಳಗೇ ರೈಲು ಓಡಿಸಿದ್ದು ಬೆಂಗಳೂರು ಈ ಬಡಾವಣೆಗೆ ಮಾಡಿದ ದೊಡ್ಡ ಉಪಕಾರಗಳಲ್ಲಿ ಒಂದು. ಇನ್ನು ಬಂದವರಿಗೆ ಪೇಟೆ ಕಾಣುವಂತೆ ಮಾಡಬೇಕು. ನಾಲ್ಕು ಬಾಗಿಲುಗಳಿದ್ದ ಕಡೆ ಒಂದೊಂದು ಕಲ್ಲಿನ ಫಲಕ, 1791ರ ನಕ್ಷೆಯ ದೊಡ್ಡ ಪ್ರತಿ, ಕೇರಿಕೇರಿಯ ಹೆಸರಿನ ಕೆಳಗೆ ಆ ಹೆಸರು ಬಂದ ಬಗೆಯನ್ನು ಎರಡು ಸಾಲಿನಲ್ಲಿ ಹೇಳುವ ಬೋರ್ಡು, ಇಷ್ಟು ಮಾಡಲು ಕೋಟಿಗಟ್ಟಲೆ ಹಣ ಬೇಕಾಗಿಲ್ಲ.

ನೋಡಲು ಹೋಗುವವರಿಗೆ ವಾರದ ದಿನದ ಬೆಳಿಗ್ಗೆಯೇ ಒಳ್ಳೆಯದು, ಅಂಗಡಿಗಳು ತೆರೆಯುವ ಮೊದಲು. ಯಲಹಂಕ ಗೇಟ್ ಆಂಜನೇಯನಿಂದ ಹೊರಟು ಅವೆನ್ಯೂ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆದರೆ ರೈಸ್ ಚರ್ಚು ಸಿಗುತ್ತದೆ, ಮುಂದೆ ದೊಡ್ಡಪೇಟೆ ಚೌಕ. ಎಡಕ್ಕೆ ತಿರುಗಿ ನಗರ್ತಪೇಟೆ ಹಿಡಿದು ಧರ್ಮರಾಯಸ್ವಾಮಿ ಗುಡಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಮರಳಿ ಚಿಕ್ಕಪೇಟೆ ದಾಟಿ ರಂಗನಾಥಸ್ವಾಮಿ ಗುಡಿ ನೋಡಿಕೊಂಡು ಬಳೇಪೇಟೆ ಸೇರಬಹುದು. ಆತುರವಿಲ್ಲದವರಿಗೆ ಎರಡು ಗಂಟೆಯ ನಡಿಗೆ. ಅಲ್ಲಿಯ ಉಡುಪಿ ಶ್ರೀಕೃಷ್ಣ ಭವನದಲ್ಲಿ ಆಲೂಗಡ್ಡೆ ಪಲ್ಯದ ಬದಲು ಸಾಗು ಹಾಕಿ ಕೊಡುವ ಮಸಾಲೆ ದೋಸೆಗೆ ದಶಕಗಳಿಂದ ಹೆಸರಿದೆ. ಹತ್ತು ಗಂಟೆಗೆ ವಾದ್ಯದ ಅಂಗಡಿಗಳು ಬಾಗಿಲು ತೆಗೆಯುವವರೆಗೆ ಅಲ್ಲಿ ಕೂತಿರಬಹುದು.